ಅಳತೆ ಟೇಪಿಗೆ ಅಕೇಶಿಯಾ ಮೇಲೆ ಪ್ರೀತಿ: ಊರಮರಗಳ ಇಂಗಾಲದ ಲೆಕ್ಕ ಎಲ್ಲಿ ಎಡವುತ್ತದೆ

ಜೂನ್ 5ರ ಪರಿಸರ ದಿನ ಬಂತೆಂದರೆ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಶಾಲೆ, ಪಂಚಾಯತ್, ಸಹಕಾರಿ ಬ್ಯಾಂಕ್, ಕ್ಲಬ್ಬು ಎಲ್ಲ ಕಡೆ ಗಿಡ ನೆಡುವ ಗೌಜಿ. ಇತ್ತೀಚೆಗೆ ಆ ಗೌಜಿಗೆ ಹೊಸದೊಂದು ಮಾತು ಸೇರಿದೆ: ಈ ತೋಪು ಇಷ್ಟು ಟನ್ ಇಂಗಾಲ ಹಿಡಿದಿಡುತ್ತದೆ. ಗಿಡ ಇನ್ನೂ ಪ್ಲಾಸ್ಟಿಕ್ ತೊಟ್ಟೆಯೊಳಗೇ ಇರುತ್ತದೆ, ಟನ್ನಿನ ಲೆಕ್ಕ ಆಗಲೇ ಬ್ಯಾನರಿನಲ್ಲಿ ಅಚ್ಚಾಗಿರುತ್ತದೆ.

ಲೆಕ್ಕ ಬರುವುದು ಹೇಗೆ? ಸಾಮಾನ್ಯವಾಗಿ ಒಂದೇ ಗುಣಾಕಾರ. ಒಂದು ಮರ ವರ್ಷಕ್ಕೆ 22 ಕಿಲೋ ಇಂಗಾಲದ ಡೈಆಕ್ಸೈಡ್ ಹೀರುತ್ತದೆ ಎಂಬ ಅಂಕಿ ವಾಟ್ಸಾಪಿನಲ್ಲಿ ವರ್ಷಗಳಿಂದ ಸುತ್ತುತ್ತಿದೆ, ಅದನ್ನು ನೆಟ್ಟ ಗಿಡಗಳ ಸಂಖ್ಯೆಯಿಂದ ಗುಣಿಸಿದರೆ ಆಯಿತು. ಯಾವ ಮರ, ಎಷ್ಟು ವಯಸ್ಸು, ಎಂಥ ಮಣ್ಣು, ಏಪ್ರಿಲ್ ತಿಂಗಳ ಬಿಸಿಲಿಗೆ ಎಷ್ಟು ಉಳಿಯಿತು, ಇದ್ಯಾವುದೂ ಆ ಲೆಕ್ಕದಲ್ಲಿಲ್ಲ.

ಸುಮ್ನೆ ಸಂಭ್ರಮಕ್ಕೆ ಹೇಳುವ ಮಾತು ಎಂದು ಬಿಟ್ಟುಬಿಡಬಹುದಿತ್ತು. ಆದರೆ ಈಗ ಇದರ ಹಿಂದೆ ದುಡ್ಡು, ನೀತಿ ಎರಡೂ ಬಂದಿವೆ. 2030ರೊಳಗೆ ಕಾಡು ಮತ್ತು ಮರಗಳ ಮೂಲಕ ಹೆಚ್ಚುವರಿಯಾಗಿ 250ರಿಂದ 300 ಕೋಟಿ ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮನಾದಷ್ಟು ಹಿಡಿದಿಡುತ್ತೇವೆ ಎಂದು ಭಾರತ 2015ರಲ್ಲೇ ಜಗತ್ತಿಗೆ ಮಾತು ಕೊಟ್ಟಿದೆ. 2023ರಲ್ಲಿ ಕೇಂದ್ರದ ಗ್ರೀನ್ ಕ್ರೆಡಿಟ್ ನಿಯಮಗಳು, ಅಂದರೆ ಗಿಡ ನೆಡುವಂಥ ಪರಿಸರದ ಕೆಲಸಕ್ಕೆ ಅಂಕ ಕೊಡುವ ನಿಯಮಗಳು ಬಂದವು. ಕೇರಳದಲ್ಲಿ ಹರಿತ ಕೇರಳಂ ಮಿಷನ್ 2019ರ ಜೂನ್ 5ರಂದು ಪಚ್ಚತುರುತ್ತ್ ಎಂಬ ಯೋಜನೆ ಶುರು ಮಾಡಿತು, ಅರ್ಧ ಸೆಂಟ್ ಜಾಗ ಇದ್ದರೂ ಸಾಕು, ಅಲ್ಲಿ ಊರಿನದೇ ಜಾತಿಯ ಮರಗಳ ಪುಟ್ಟ ಕಾಡು. ವಯನಾಡಿನ ಮೀನಂಗಾಡಿ ಪಂಚಾಯತ್ 2016ರಿಂದಲೇ ಇಂಗಾಲ ಸಮತೋಲದ ಪಂಚಾಯತ್, ಅಂದರೆ ಹೊರಬಿಡುವಷ್ಟು ಇಂಗಾಲವನ್ನು ತಾನೇ ಹಿಡಿದಿಡುವ ಪಂಚಾಯತ್ ಆಗಲು ಹೊರಟಿದೆ. ಹೀಗಿರುವಾಗ ಅಳತೆ ತಪ್ಪಿದರೆ ಬರೇ ಬ್ಯಾನರ್ ತಪ್ಪುವುದಿಲ್ಲ, ಯಾವ ಮರ ನೆಡಬೇಕು ಎಂಬ ತೀರ್ಮಾನವೇ ತಪ್ಪುತ್ತದೆ. ನಾನು ಹೇಳಬೇಕೆಂದಿರುವುದು ಇಷ್ಟೇ: ಈಗ ನಡೆಯುವ ಅಳತೆಯ ಕ್ರಮಗಳು ಒಂದೇ ಜಾತಿಯ, ಬೇಗ ಬೆಳೆಯುವ ಮರಗಳ ಪರವಾಗಿ ವಾಲುತ್ತವೆ. ಹೆಸರಿಗೆ ಊರಮರ, ಲೆಕ್ಕದಲ್ಲಿ ಗೆಲ್ಲುವುದು ಅಕೇಶಿಯಾ.

ಮೊದಲು ಅಳತೆ ಹೇಗೆ ಮಾಡುತ್ತಾರೆ ನೋಡೋಣ. ಮರವನ್ನು ಕಡಿದು, ಒಣಗಿಸಿ, ತೂಗಿದರೆ ಮಾತ್ರ ನಿಜವಾದ ತೂಕ ಸಿಗುತ್ತದೆ. ಹಾಗೆ ಮಾಡಲು ಆಗುವುದಿಲ್ಲವಾದ್ದರಿಂದ, ಎಂದೋ ಎಲ್ಲೋ ಕಡಿದು ತೂಗಿದ ಮರಗಳಿಂದ ಕಟ್ಟಿದ ಸೂತ್ರಗಳನ್ನು ಬಳಸುತ್ತಾರೆ. ಉಷ್ಣವಲಯದ ಮರಗಳಿಗೆ ಜಾಸ್ತಿ ಬಳಕೆಯಲ್ಲಿರುವುದು 2014ರಲ್ಲಿ ಪ್ರಕಟವಾದ ಶಾವ್ ಎಂಬ ವಿಜ್ಞಾನಿ ಮತ್ತು ಸಂಗಡಿಗರ ಸೂತ್ರ. 58 ಜಾಗಗಳ 4,004 ಮರಗಳನ್ನು ತೂಗಿ ಮಾಡಿದ್ದು ಅದು. ಬೇಕಾಗುವುದು ಮೂರು ಸಂಗತಿ: ಎದೆಮಟ್ಟದಲ್ಲಿ ಮರದ ವ್ಯಾಸ (ಸೆಂಟಿಮೀಟರಿನಲ್ಲಿ), ಎತ್ತರ (ಮೀಟರಿನಲ್ಲಿ), ಮತ್ತು ಮರದ ಸಾಂದ್ರತೆ, ಅಂದರೆ ಒಂದು ಘನ ಸೆಂಟಿಮೀಟರ್ ಮರದ ಒಣತೂಕ ಎಷ್ಟು ಗ್ರಾಂ ಎಂಬುದು. ವ್ಯಾಸವನ್ನು ಅದರಿಂದಲೇ ಗುಣಿಸಿ, ಎತ್ತರ ಮತ್ತು ಸಾಂದ್ರತೆಯಿಂದ ಗುಣಿಸಿ, ಬಂದದ್ದನ್ನು 0.976ರ ಘಾತಕ್ಕೆ ಏರಿಸಿ, 0.0673ರಿಂದ ಗುಣಿಸಿದರೆ ನೆಲದ ಮೇಲಿನ ಭಾಗದ ಒಣತೂಕ ಕಿಲೋದಲ್ಲಿ ಬರುತ್ತದೆ. ಮೊಬೈಲಿನ ಕ್ಯಾಲ್ಕುಲೇಟರ್ ಸಾಕು.

ಒಂದು ಮರ ತೆಗೆದುಕೊಳ್ಳೋಣ. ಸುತ್ತಳತೆ 63 ಸೆಂಟಿಮೀಟರ್, 3.14ರಿಂದ ಭಾಗಿಸಿದರೆ ವ್ಯಾಸ 20. ಎತ್ತರ 12 ಮೀಟರ್. ಸಾಂದ್ರತೆ 0.6 ಇರಲಿ. ನೆಲದ ಮೇಲಿನ ತೂಕ ಸುಮಾರು 160 ಕಿಲೋ ಆಗುತ್ತದೆ. ಬೇರಿಗೆಂದು 26 ಶೇಕಡಾ ಸೇರಿಸುವುದು ರೂಢಿ, ಒಟ್ಟು 202 ಕಿಲೋ. ಒಣಮರದಲ್ಲಿ ಇಂಗಾಲ 47 ಶೇಕಡಾ ಎಂದು ಹಿಡಿದರೆ 95 ಕಿಲೋ ಇಂಗಾಲ. ಅದನ್ನು ಇಂಗಾಲದ ಡೈಆಕ್ಸೈಡ್ ಲೆಕ್ಕಕ್ಕೆ ತರಲು 3.67ರಿಂದ ಗುಣಿಸಬೇಕು, ಸುಮಾರು 348 ಕಿಲೋ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ 2.3 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅಂದರೆ ಅಷ್ಟು ದಪ್ಪದ ಮರ ಹುಟ್ಟಿದಂದಿನಿಂದ ಕೂಡಿಟ್ಟದ್ದೆಲ್ಲ ಸೇರಿ 150 ಲೀಟರ್ ಪೆಟ್ರೋಲಿಗೆ ಸಮ. ದಿನಾ ಬೈಕಿನಲ್ಲಿ ಕಾಸರಗೋಡು ಪೇಟೆಗೆ ಹೋಗಿ ಬರುವವರು ಇದನ್ನು ಎಷ್ಟು ತಿಂಗಳಲ್ಲಿ ಮುಗಿಸುತ್ತಾರೆ ಎಂದು ಅವರೇ ಲೆಕ್ಕ ಹಾಕಿಕೊಳ್ಳಲಿ.

(ಮರದ ವ್ಯಾಪಾರಿಗಳ ಲೆಕ್ಕ ಬೇರೆ, ಅದನ್ನು ಇಲ್ಲಿ ಬೆರೆಸಬೇಡಿ. ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ ಉದ್ದದಿಂದ ಗುಣಿಸುವ ಅವರ ಕ್ರಮದಲ್ಲಿ ದುಂಡುಮರದ ನಿಜವಾದ ಗಾತ್ರದ 78.5 ಶೇಕಡಾ ಮಾತ್ರ ಬರುತ್ತದೆ. ಉಳಿದದ್ದು ಮಿಲ್ಲಿನಲ್ಲಿ ಹೋಗುತ್ತದೆ ಎಂದು ಅವರ ವಾದ. ಇಂಗಾಲಕ್ಕೆ ಮಿಲ್ಲಿನ ಹೊಟ್ಟೂ ಲೆಕ್ಕಕ್ಕೆ ಬೇಕು.)

ಈಗ ಅದೇ 20 ಸೆಂಟಿಮೀಟರ್ ವ್ಯಾಸ, ಅದೇ 12 ಮೀಟರ್ ಎತ್ತರ, ಆದರೆ ಜಾತಿ ಬೇರೆ ಎಂದುಕೊಳ್ಳಿ. ಹಾಲೆ ಮರ, ಬೂರುಗದಂಥ ಹಗುರ ಮರಗಳ ಸಾಂದ್ರತೆ 0.35ರ ಆಸುಪಾಸು. ತೂಕ 95 ಕಿಲೋ ಬರುತ್ತದೆ. ಕಿರಾಲಬೋಗಿಯಂಥ ಗಟ್ಟಿ ಮರದ್ದು 0.9ರ ಹತ್ತಿರ. ತೂಕ 238 ಕಿಲೋ. ದೂರದಿಂದ ನೋಡಿದರೆ ಎರಡೂ ಒಂದೇ ಗಾತ್ರ, ಒಳಗಿನ ಇಂಗಾಲದಲ್ಲಿ ಎರಡೂವರೆ ಪಟ್ಟು ವ್ಯತ್ಯಾಸ. ನಮ್ಮ ಕಡೆಯ ಒಂದು ಸಾಧಾರಣ ತೋಪಿನಲ್ಲಿ ಹೆಬ್ಬಲಸು, ನೇರಳೆ, ಪುನರ್ಪುಳಿ, ರೆಂಜೆ, ಕಾಡುಮಾವು, ಧೂಪ, ಕಾಸರಕ ಎಲ್ಲ ಬೆರೆತಿರುತ್ತವೆ. ಇವಕ್ಕೆಲ್ಲ ಒಂದೇ ಸರಾಸರಿ ಸಾಂದ್ರತೆ ಹಾಕಿ ಕೈತೊಳೆದುಕೊಂಡರೆ ಗಟ್ಟಿ ಮರ ಜಾಸ್ತಿ ಇರುವ ತೋಪಿಗೆ ಅನ್ಯಾಯ ಆಗುತ್ತದೆ. ಹಾಗಾಗಿ ಪ್ರತಿ ಮರದ ಊರಿನ ಹೆಸರಿನ ಜೊತೆ ವೈಜ್ಞಾನಿಕ ಹೆಸರನ್ನೂ ಬರೆದಿಡಲೇಬೇಕು. ಹೆಸರು ತಪ್ಪಿದರೆ ಸಾಂದ್ರತೆ ತಪ್ಪಿತು, ಸಾಂದ್ರತೆ ತಪ್ಪಿದರೆ ಉಳಿದದ್ದೆಲ್ಲ ತಪ್ಪಿತು.

ಟೇಪ್ ಹಿಡಿಯುವ ಕೆಲಸವೂ ಕೇಳಿದಷ್ಟು ಸುಲಭ ಅಲ್ಲ. ಎದೆಮಟ್ಟ ಎಂದರೆ ಹೊರದೇಶದ ಪುಸ್ತಕಗಳಲ್ಲಿ 1.3 ಮೀಟರ್, ನಮ್ಮ ಅರಣ್ಯ ಇಲಾಖೆಯ ರೂಢಿಯಲ್ಲಿ 1.37. ಯಾವುದಾದರೂ ಆಗಬಹುದು, ಆದರೆ ಪ್ರತಿ ಸಲ ಅದೇ ಆಗಬೇಕು, ಕಾಂಡಕ್ಕೆ ಬಣ್ಣದ ಗೆರೆ ಎಳೆದಿಟ್ಟರೆ ಒಳ್ಳೆಯದು. ಗುಡ್ಡೆಯ ಇಳಿಜಾರಿನಲ್ಲಿ ಮೇಲಿನ ಬದಿಯಿಂದ ಅಳೆಯಬೇಕು. ಎದೆಮಟ್ಟಕ್ಕಿಂತ ಕೆಳಗೇ ಕವಲೊಡೆದಿದ್ದರೆ ಎರಡು ಕಾಂಡ ಎಂದೇ ಲೆಕ್ಕ. ನಮ್ಮಲ್ಲಿ ಇನ್ನೊಂದು ರಗಳೆ ಇದೆ, ಸಿಕ್ಕಿದ ಮರಕ್ಕೆಲ್ಲ ಕಾಳುಮೆಣಸಿನ ಬಳ್ಳಿ ಹಬ್ಬಿಸಿರುತ್ತೇವೆ. ಬಳ್ಳಿಯ ಮೇಲಿಂದ ಟೇಪ್ ಸುತ್ತಿದರೆ ಮರ ಒಂದೇ ದಿನದಲ್ಲಿ ದಪ್ಪ ಆಗಿಬಿಡುತ್ತದೆ! ಟೇಪನ್ನು ಬಳ್ಳಿಯ ಅಡಿಯಿಂದ ತೂರಿಸಬೇಕು. ಹಾಲೆ ಮರದ ಕಥೆ ಇದಕ್ಕೆ ಉಲ್ಟಾ. ಆಟಿ ಅಮಾವಾಸ್ಯೆಯ ಕಷಾಯಕ್ಕೆ ಊರವರೆಲ್ಲ ಕೆತ್ತೆ (ತೊಗಟೆ) ತೆಗೆಯುವುದು ಹೆಚ್ಚುಕಮ್ಮಿ ಕೈಗೆಟುಕುವ ಎತ್ತರದಲ್ಲೇ, ಅಂದರೆ ಸರಿಯಾಗಿ ನಾವು ಅಳೆಯಬೇಕಾದ ಜಾಗದಲ್ಲೇ.

ಇನ್ನು ತೋಟದೊಳಗಿನ ಅಡಿಕೆ, ತೆಂಗು. ಇವಕ್ಕೆ ಈ ಸೂತ್ರ ನಡೆಯುವುದಿಲ್ಲ. ಅವು ವರ್ಷ ಹೋದ ಹಾಗೆ ದಪ್ಪ ಆಗುವುದಿಲ್ಲ, ಎತ್ತರ ಮಾತ್ರ ಆಗುತ್ತವೆ, ಹಾಗಾಗಿ ಅವಕ್ಕೆ ಎತ್ತರವನ್ನೇ ಆಧರಿಸಿದ ಬೇರೆ ಸೂತ್ರ ಬೇಕು. ತೋಟದ ಅಂಚಿನ ಊರಮರ, ಒಳಗಿನ ಅಡಿಕೆ ಎರಡನ್ನೂ ಒಂದೇ ಹಾಳೆಯಲ್ಲಿ ಒಂದೇ ಸೂತ್ರಕ್ಕೆ ಹಾಕಿದ ಲೆಕ್ಕ ಕಂಡರೆ ಅದನ್ನು ಅಲ್ಲಿಗೇ ಮಡಚಿಡಬಹುದು.

ಸಣ್ಣ ಗಿಡಗಳಲ್ಲಿ ತೊಂದರೆ ಇನ್ನೂ ಜಾಸ್ತಿ. ಶಾವ್ ಸೂತ್ರ 5 ಸೆಂಟಿಮೀಟರ್‌ಗಿಂತ ಕಡಿಮೆ ವ್ಯಾಸದ ಗಿಡಗಳಿಗೆ ಮಾಡಿದ್ದೇ ಅಲ್ಲ. ಮೂರು-ನಾಲ್ಕು ವರ್ಷದ ಪಚ್ಚತುರುತ್ತ್‌ನಲ್ಲಿ ಹೆಚ್ಚಿನವು ಆ ಅಳತೆಯೊಳಗೇ ಇರುತ್ತವೆ. ಮೇಲಿಂದ, ಟೇಪ್ ಹಿಡಿಯುವ ಕೈ 2 ಸೆಂಟಿಮೀಟರ್ ಆಚೀಚೆ ಆಯಿತೆನ್ನಿ. 63 ಸೆಂಟಿಮೀಟರ್ ಸುತ್ತಳತೆಯ ಮರದಲ್ಲಿ ಅದರಿಂದ ಆಗುವ ತಪ್ಪು ಆರು ಶೇಕಡಾ. 16 ಸೆಂಟಿಮೀಟರ್‌ನ ಗಿಡದಲ್ಲಿ ಕಾಲು ಪಾಲು! ನಿಧಾನ ಬೆಳೆಯುವ ಮರ ಒಂದು ವರ್ಷದಲ್ಲಿ ದಪ್ಪ ಆಗುವುದೇ ಅಷ್ಟು ಇರಬಹುದು. ಆದ್ದರಿಂದ ವರ್ಷ ವರ್ಷ ಅಳೆದು, ಈ ಸಲ ಇಷ್ಟು ಇಂಗಾಲ ಹೆಚ್ಚಾಯಿತು ಎಂದು ಘೋಷಿಸುವುದರಲ್ಲಿ ಅರ್ಥ ಇಲ್ಲ. ಐದು ವರ್ಷಕ್ಕೊಮ್ಮೆ, ಅದೇ ತಿಂಗಳಲ್ಲಿ, ಮಳೆಗಾಲ ಬಿಟ್ಟು ಅಳೆಯಬೇಕು. ಮಳೆಗೆ ತೊಗಟೆ ಉಬ್ಬುತ್ತದೆ.

ಸಣ್ಣ ಗಿಡ, ದೊಡ್ಡ ಮರ ಎಂಬ ವ್ಯತ್ಯಾಸ ಎಷ್ಟು ಎಂದು ಒಮ್ಮೆ ಸರಿಯಾಗಿ ನೋಡಬೇಕು. ರಸ್ತೆ ಅಗಲ ಮಾಡುವಾಗ, ಒಂದು ಮರ ಕಡಿದರೆ ಹತ್ತು ಗಿಡ ನೆಡುತ್ತೇವೆ ಅನ್ನುವ ಮಾತು ಕೇಳುತ್ತೇವಲ್ಲ. ಮೂರು ಮೀಟರ್ ಸುತ್ತಳತೆ, 20 ಮೀಟರ್ ಎತ್ತರದ ಹಳೆ ಕಾಡುಮಾವು ಒಂದನ್ನು ಅದೇ ಸೂತ್ರಕ್ಕೆ ಹಾಕಿ, ಸಾಂದ್ರತೆ 0.55 ಎಂದು ಹಿಡಿಯಿರಿ. ನೆಲದ ಮೇಲಿನ ತೂಕವೇ ಐದು ಟನ್. 5 ಸೆಂಟಿಮೀಟರ್ ವ್ಯಾಸದ, 5 ಮೀಟರ್ ಎತ್ತರದ, 0.6 ಸಾಂದ್ರತೆಯ ಎಳೆ ಗಿಡದ ತೂಕ ನಾಲ್ಕೂವರೆ ಕಿಲೋ. ಆ ಒಂದು ಮಾವಿನ ಮರಕ್ಕೆ ಸಮ ಆಗಬೇಕಾದರೆ ಇಂಥ 1,100 ಗಿಡ ಬೇಕು, ಹತ್ತಲ್ಲ. ಕಾಕತಾಳೀಯ ನೋಡಿ, ಗ್ರೀನ್ ಕ್ರೆಡಿಟ್‌ಗೆಂದು 2024ರ ಫೆಬ್ರವರಿಯಲ್ಲಿ ಬಂದ ಮಾರ್ಗಸೂಚಿಯಲ್ಲೂ ಅದೇ ಸಂಖ್ಯೆ ಇತ್ತು: ಹೆಕ್ಟೇರಿಗೆ ಕನಿಷ್ಠ 1,100 ಗಿಡ, ಗಿಡಕ್ಕೊಂದು ಕ್ರೆಡಿಟ್. ಅಂದರೆ ಎರಡೂವರೆ ಎಕರೆ ತುಂಬ ನೆಟ್ಟು, ಎಲ್ಲವೂ ಬದುಕಿ, ಕೈಮಣಿಕಟ್ಟಿನಷ್ಟು ದಪ್ಪ ಆದಾಗ ದಾರಿಬದಿಯ ಒಂದು ಮರ ವಾಪಸ್ ಬಂದ ಹಾಗೆ. ಗಿಡ ನೆಟ್ಟದ್ದಕ್ಕೇ ಕ್ರೆಡಿಟ್ ಕೊಡುವುದರ ಬಗ್ಗೆ ಟೀಕೆ ಬಂದ ಮೇಲೆ 2025ರ ಆಗಸ್ಟ್‌ನಲ್ಲಿ ನಿಯಮ ಬದಲಾಯಿತು. ಈಗ ಐದು ವರ್ಷ ಆಗಿರಬೇಕು, 40 ಶೇಕಡಾ ನೆಲಕ್ಕೆ ಎಲೆಯ ಚಪ್ಪರ ಬಂದಿರಬೇಕು. ಒಳ್ಳೆಯ ಬದಲಾವಣೆಯೇ. ಆದರೂ ಎಣಿಸುವುದು ಮರವನ್ನೇ, ಮರದ ತೂಕವನ್ನಲ್ಲ.

ಇಲ್ಲಿಗೆ ಬಂದಾಗ ಅಕೇಶಿಯಾದ ವಿಷಯ ತೆಗೆಯಲೇಬೇಕು. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆ ವಿಶ್ವಬ್ಯಾಂಕಿನ ನೆರವಿನಲ್ಲಿ ಕೇರಳದ ತುಂಬ ಅದನ್ನು ಹಬ್ಬಿಸಿತು. ನಮ್ಮ ಗುಡ್ಡೆಗಳಲ್ಲಿ ಈಗಲೂ ನೋಡಬಹುದು. ಪ್ರಾಮಾಣಿಕವಾಗಿ ಹೇಳಬೇಕೆಂದರೆ ಮೊದಲ ಹತ್ತು ವರ್ಷದ ಪಂದ್ಯದಲ್ಲಿ ಅಕೇಶಿಯಾ ಗೆಲ್ಲುತ್ತದೆ. ಬೇಗ ಬೆಳೆಯುತ್ತದೆ, ಬಡ ಮಣ್ಣಿನಲ್ಲೂ ನಿಲ್ಲುತ್ತದೆ, ಸಾಂದ್ರತೆಯೂ ಕಡಿಮೆ ಏನಲ್ಲ. ಮೋಸ ಇರುವುದು ಹತ್ತು ವರ್ಷ ಎಂಬ ಗಡುವಿನಲ್ಲಿ. ಅದನ್ನು ನೆಡುವುದೇ ಕಡಿಯಲಿಕ್ಕೆ, ಕಾಗದಕ್ಕೋ ಸೌದೆಗೋ ಹೋದ ಕೂಡಲೇ ಇಂಗಾಲವೂ ಗಾಳಿಗೆ ವಾಪಸ್. ಕಿರಾಲಬೋಗಿ, ಹೆಬ್ಬಲಸು ಆ ಹೊತ್ತಿಗೆ ಇನ್ನೂ ಬೇರು ಗಟ್ಟಿಮಾಡಿಕೊಳ್ಳುತ್ತಿರುತ್ತವೆ. ನ್ಯಾಯವಾದ ಲೆಕ್ಕ ಎಂದರೆ ಕಡಿಯುವ ಮುಂಚಿನ ಗರಿಷ್ಠವನ್ನು ಹಿಡಿಯುವುದಲ್ಲ, ನೆಡುವುದು-ಕಡಿಯುವುದು-ಮತ್ತೆ ನೆಡುವುದು ಎಲ್ಲ ಸೇರಿ ದೀರ್ಘಕಾಲದ ಸರಾಸರಿ ಎಷ್ಟು ಎಂದು ನೋಡುವುದು. ಕೇರಳ ಸರಕಾರವೇ 2021ರ ನೀತಿಯಲ್ಲಿ ಕಾಡಿನ ಜಾಗದಿಂದ ಅಕೇಶಿಯಾ, ನೀಲಗಿರಿಯಂಥ ಹೊರಗಿನ ಮರಗಳನ್ನು ಹಂತಹಂತವಾಗಿ ತೆಗೆದು ಸಹಜ ಕಾಡು ತರಬೇಕು ಎಂದಿದೆ. ಇಂಗಾಲದ ಲೆಕ್ಕ ಹತ್ತು ವರ್ಷದ್ದೇ ಆದರೆ ಈ ನೀತಿಗೂ ಲೆಕ್ಕಕ್ಕೂ ಜಗಳ ಖಂಡಿತ.

ಇದಕ್ಕಿಂತ ಸೂಕ್ಷ್ಮವಾದ ಪಕ್ಷಪಾತ ಮಾದರಿ ಅಳತೆಯಲ್ಲಿದೆ, ಅದನ್ನು ಯಾರೂ ಹೆಚ್ಚು ಮಾತಾಡುವುದಿಲ್ಲ. ದೊಡ್ಡ ಜಾಗದಲ್ಲಿ ಪ್ರತಿ ಮರ ಅಳೆಯಲು ಆಗುವುದಿಲ್ಲ, ಅಲ್ಲಲ್ಲಿ ತುಂಡು ಜಾಗ ಗುರುತಿಸಿ ಅಳೆಯುತ್ತಾರೆ. ಭಾರತೀಯ ಅರಣ್ಯ ಸರ್ವೇಕ್ಷಣೆಯವರ ತುಂಡು 0.1 ಹೆಕ್ಟೇರ್, ಹೆಚ್ಚುಕಮ್ಮಿ 25 ಸೆಂಟ್. ಎಷ್ಟು ತುಂಡು ಅಳೆಯಬೇಕು ಎಂಬುದು ತುಂಡಿನಿಂದ ತುಂಡಿಗೆ ಎಷ್ಟು ವ್ಯತ್ಯಾಸ ಇದೆ ಎಂಬುದರ ಮೇಲೆ ನಿಂತಿದೆ. ಒಂದೇ ಜಾತಿ, ಒಂದೇ ವಯಸ್ಸು, ಸಾಲಾಗಿ ನೆಟ್ಟ ಅಕೇಶಿಯಾದಲ್ಲಿ ವ್ಯತ್ಯಾಸ 20 ಶೇಕಡಾ ಎನ್ನೋಣ. ಹತ್ತಾರು ಜಾತಿ, ಬೇರೆ ಬೇರೆ ವಯಸ್ಸು, ನಡುವೆ ಬಂಡೆ, ನಡುವೆ ತೋಡು ಇರುವ ಊರಮರಗಳ ತೋಪಿನಲ್ಲಿ 60 ಶೇಕಡಾ. 90 ಶೇಕಡಾ ಭರವಸೆಯಲ್ಲಿ 10 ಶೇಕಡಾದೊಳಗಿನ ತಪ್ಪು ಎಂಬ ನಿಯಮ ಇಟ್ಟುಕೊಂಡರೆ ಮೊದಲನೆಯದಕ್ಕೆ 11 ತುಂಡು ಸಾಕು, ಎರಡನೆಯದಕ್ಕೆ 98 ಬೇಕು. ವ್ಯತ್ಯಾಸ ಮೂರು ಪಟ್ಟು, ಖರ್ಚು ಒಂಬತ್ತು ಪಟ್ಟು. ಲೆಕ್ಕ ತಪಾಸಣೆಗೆ ಹೊರಗಿನಿಂದ ಬರುವವರ ಫೀಸು ಬೇರೆ. ಹಿಡಿದಿಟ್ಟ ಇಂಗಾಲವನ್ನು ಟನ್ ಲೆಕ್ಕದಲ್ಲಿ ಕ್ರೆಡಿಟ್ ಮಾಡಿ ಮಾರುವ ಕಂಪೆನಿಗೆ ಯಾವುದು ಲಾಭ? ಕಾಡು ಕಾಡಿನ ಹಾಗೆ ಇದ್ದಷ್ಟೂ ಅಳೆಯಲು ದುಬಾರಿ, ಹಾಗಾಗಿ ಯಾರೂ ಕೆಟ್ಟ ಮನಸ್ಸಿನಿಂದ ತೀರ್ಮಾನ ಮಾಡದಿದ್ದರೂ ದುಡ್ಡು ತಾನಾಗಿಯೇ ಒಂದೇ ಜಾತಿಯ ತೋಪಿನ ಕಡೆ ಹರಿಯುತ್ತದೆ.

ಆಕಾಶದಿಂದ ಅಳೆದರೆ ಖರ್ಚು ಕಡಿಮೆ ಅಲ್ವಾ ಎಂದು ಕೇಳಬಹುದು. 2025 ಅದಕ್ಕೆ ದೊಡ್ಡ ವರ್ಷ. ಏಪ್ರಿಲ್‌ನಲ್ಲಿ ಯುರೋಪಿನ ಬಯೋಮಾಸ್ ಉಪಗ್ರಹ, ಜುಲೈ 30ಕ್ಕೆ ಶ್ರೀಹರಿಕೋಟಾದಿಂದ ನಾಸಾ-ಇಸ್ರೋದ ನಿಸಾರ್. ಎರಡೂ ರೇಡಾರ್, ಮೋಡದ ಮೂಲಕವೂ ನೋಡುತ್ತವೆ, ನಮ್ಮ ಮಳೆಗಾಲಕ್ಕೆ ಅದು ದೊಡ್ಡ ಉಪಕಾರ. ಆದರೆ ಬಯೋಮಾಸ್ ಕೊಡುವ ನಕ್ಷೆಯ ಒಂದು ಚುಕ್ಕಿ 200 ಮೀಟರ್ ಉದ್ದಗಲ, ಅಂದರೆ ಹತ್ತು ಎಕರೆ. ಕಾಸರಗೋಡಿನಲ್ಲಿ ಆ ಒಂದು ಚುಕ್ಕಿಯೊಳಗೆ ನಾಲ್ಕು ಮನೆ, ಮೂರು ತೋಟ, ಒಂದು ನಾಗಬನ, ಒಂದು ಕೆಂಪುಕಲ್ಲಿನ ಕೋರೆ ಎಲ್ಲ ಇರುತ್ತವೆ. ನಿಸಾರ್ ಹೆಚ್ಚು ಸಣ್ಣದನ್ನು ನೋಡುತ್ತದೆ, ಆದರೆ ಹೆಕ್ಟೇರಿಗೆ ಸುಮಾರು 100 ಟನ್ ಒಣತೂಕ ದಾಟಿದ ಮೇಲೆ ಅದರ ರೇಡಾರಿಗೆ ದಟ್ಟ ಕಾಡು, ಇನ್ನೂ ದಟ್ಟ ಕಾಡು ಎಂಬ ಭೇದ ಸರಿಯಾಗಿ ಗೊತ್ತಾಗುವುದಿಲ್ಲ. ಅರ್ಧ ಸೆಂಟಿನ ಪಚ್ಚತುರುತ್ತ್ ಎಂದರೆ 20 ಚದರ ಮೀಟರ್. ಅದಕ್ಕೆ ಟೇಪೇ ಗತಿ.

ಮಣ್ಣಿನ ವಿಷಯಕ್ಕೆ ಬಂದರೆ ನಮ್ಮ ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ ನೆಲ ಎಲ್ಲ ಪಠ್ಯಪುಸ್ತಕಗಳನ್ನೂ ತಲೆಕೆಳಗು ಮಾಡುತ್ತದೆ. ಭಾರತದ ಕಾಡುಗಳಲ್ಲಿರುವ ಇಂಗಾಲದಲ್ಲಿ ಅರ್ಧಕ್ಕಿಂತ ಜಾಸ್ತಿ ಮಣ್ಣಿನೊಳಗಿದೆ, ಮರದಲ್ಲಲ್ಲ. ಹಾಗಾಗಿ ಅದನ್ನು ಬಿಡುವ ಹಾಗಿಲ್ಲ. ಕ್ರಮ ಹೀಗೆ: 30 ಸೆಂಟಿಮೀಟರ್ ಆಳದವರೆಗೆ ಮಣ್ಣು ತೆಗೆದು ಲ್ಯಾಬಿನಲ್ಲಿ ಇಂಗಾಲದ ಶೇಕಡಾ ನೋಡುವುದು, ಜೊತೆಗೆ ಅಷ್ಟು ಗಾತ್ರದ ಮಣ್ಣು ಎಷ್ಟು ತೂಗುತ್ತದೆ ಎಂದು ನೋಡುವುದು. ಲ್ಯಾಬಿನಲ್ಲಿ ಮೊದಲು 2 ಮಿಲಿಮೀಟರ್ ಜರಡಿ ಹಿಡಿಯುತ್ತಾರೆ, ಕೆಳಗೆ ಬಿದ್ದ ನಯ ಮಣ್ಣಿಗೆ ಮಾತ್ರ ಪರೀಕ್ಷೆ. ಜರಡಿಯ ಮೇಲೆ ಉಳಿದ ಹರಳುಕಲ್ಲನ್ನು ಏನು ಮಾಡಿದರು ಎಂಬುದೇ ಇಲ್ಲಿನ ಪ್ರಶ್ನೆ. ಒಂದು ಉದಾಹರಣೆ: ಒಂದು ಹೆಕ್ಟೇರಿನ ಮೇಲ್ಮಣ್ಣು 3,900 ಟನ್, ಪರೀಕ್ಷೆಯಲ್ಲಿ ಇಂಗಾಲ 1.5 ಶೇಕಡಾ. ನೇರವಾಗಿ ಗುಣಿಸಿದರೆ 58 ಟನ್ ಇಂಗಾಲ. ಆ ಮಣ್ಣಿನ ತೂಕದಲ್ಲಿ 40 ಶೇಕಡಾ ಹರಳುಕಲ್ಲೇ ಆಗಿದ್ದರೆ, ಕಲ್ಲು ಕಳೆದ ಮೇಲೆ ನಿಜವಾಗಿ ಇರುವುದು 35 ಟನ್. ಮಧ್ಯದ 23 ಟನ್ ಕಾಗದದ ಮೇಲೆ ಮಾತ್ರ ಇದೆ. ಇಂಥ ನೆಲಕ್ಕೆ ಮಾಮೂಲು ಉಕ್ಕಿನ ಬಳೆಯನ್ನು ಬಡಿದು ಇಳಿಸಲೂ ಆಗುವುದಿಲ್ಲ. ಸಣ್ಣ ಗುಂಡಿ ತೋಡಿ, ಎದ್ದ ಮಣ್ಣನ್ನೆಲ್ಲ ತೂಗಿ, ಗುಂಡಿಗೆ ಪ್ಲಾಸ್ಟಿಕ್ ಹಾಸಿ ಎಷ್ಟು ಲೀಟರ್ ನೀರು ಹಿಡಿಯಿತು ಎಂದು ನೋಡುವುದೇ ಸರಿಯಾದ ದಾರಿ. ತರಗೆಲೆಯದ್ದು ಬೇರೆ ತಕರಾರು. ತೋಪಿನಿಂದ ಗುಡಿಸಿ ಅಡಿಕೆ ಬುಡಕ್ಕೋ ಹಟ್ಟಿಗೋ ಒಯ್ಯುವ ಊರಿನಲ್ಲಿ ತೋಪಿನ ಮಣ್ಣಿಗೆ ಸೇರಬೇಕಾದ ಇಂಗಾಲ ತೋಟಕ್ಕೆ ಹೋಗುತ್ತದೆ. ತಪ್ಪೇನಲ್ಲ, ಲೆಕ್ಕದಲ್ಲಿ ಬರೆಯಬೇಕು ಅಷ್ಟೆ.

ಇದೆಲ್ಲಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ, ನೆಡುವ ಮೊದಲು ಅಲ್ಲಿ ಏನಿತ್ತು? ಹಳೆ ಗೇರು ತೋಪು ಕಡಿದು ಊರಮರ ನೆಟ್ಟರೆ ಗೇರಿನಲ್ಲಿದ್ದ ಇಂಗಾಲವನ್ನು ಮೊದಲು ಕಳೆಯಬೇಕು, ಹೊಸ ತೋಪು ಆ ಸಾಲ ತೀರಿಸಲು ವರ್ಷಗಟ್ಟಲೆ ಬೇಕು. ಪಾರೆಗಳದ್ದು ಇನ್ನೂ ಕಷ್ಟದ ವಿಷಯ. ಬೇಸಗೆಯಲ್ಲಿ ಬೋಳಾಗಿ ಕಾಣುವ ಮುರಕಲ್ಲಿನ ಬಯಲನ್ನು ಪಾಳುಭೂಮಿ ಎಂದು ಬರೆದುಬಿಡುತ್ತಾರೆ. ಮಳೆ ಬಿದ್ದ ಮೇಲೆ ಅಲ್ಲಿ ಬರುವ ಹುಲ್ಲು, ಪುಟ್ಟ ಹೂಗಳು, ಹುಳ ತಿನ್ನುವ ಗಿಡಗಳಲ್ಲಿ ಹಲವು ಎಲ್ಲ ಕಡೆ ಬೆಳೆಯುವಂಥವಲ್ಲ. ಯಂತ್ರ ತಂದು ಕಲ್ಲು ಕೊರೆದು ಗುಂಡಿ ಮಾಡಿ ಗಿಡ ಇಟ್ಟರೆ ಏಪ್ರಿಲ್‌ಗೆ ಗಿಡವೂ ಇಲ್ಲ, ಪಾರೆಯೂ ಇಲ್ಲ. ಅಲ್ಲಿ ನೆಡದಿರುವುದೇ ಸರಿ ಎಂದು ನನ್ನ ಅಭಿಪ್ರಾಯ, ಇಂಗಾಲದ ಲೆಕ್ಕ ಏನೇ ಹೇಳಲಿ.

ಹಾಗೆಯೇ ನಾಗಬನ, ಕಾವು ಎಂಬ ದೇವರಕಾಡುಗಳು. ಈ ಜಿಲ್ಲೆಯ ನಿಜವಾದ ಇಂಗಾಲದ ಖಜಾನೆ ಅವು, ಮೂರು ಮೀಟರ್ ಸುತ್ತಳತೆಯ ಮರಗಳು ಹೆಚ್ಚಾಗಿ ಇರುವುದು ಅಲ್ಲೇ. ಆದರೆ ಅವುಗಳಿಗೆ ಕ್ರೆಡಿಟ್ ಇಲ್ಲ. ಮೊದಲೇ ಇದ್ದದ್ದು, ಹೊಸದಾಗಿ ಸೇರಿಸಿದ್ದಲ್ಲ ಎಂಬುದು ನಿಯಮದ ತರ್ಕ. ಬನದ ಸುತ್ತ ಕಾಂಕ್ರೀಟ್ ಹಾಕಲು ಮರ ಕಡಿದು, ಆಚೆ ಬದಿಯಲ್ಲಿ ನೂರು ಗಿಡ ನೆಟ್ಟವರು ಕಾಗದದಲ್ಲಿ ಪರಿಸರಪ್ರೇಮಿಗಳಾಗುತ್ತಾರೆ. ಇದಕ್ಕೆ ಹೋಲಿಸಿದರೆ ಮೀನಂಗಾಡಿಯ ಮರದ ಬ್ಯಾಂಕ್ ನನಗೆ ಹೆಚ್ಚು ಬುದ್ಧಿವಂತ ಯೋಜನೆ ಅನಿಸುತ್ತದೆ: ನೆಟ್ಟು ಉಳಿಸಿಕೊಂಡ ಪ್ರತಿ ಮರಕ್ಕೆ ವರ್ಷಕ್ಕೆ 50 ರೂಪಾಯಿ ಬಡ್ಡಿ ಇಲ್ಲದ ಸಾಲ, ಕಡಿದರೆ ವಾಪಸ್ ಕೊಡಬೇಕು. ಟನ್ನಿನ ಗೋಜಲು ಇಲ್ಲ, ಮರ ನಿಂತಿದೆಯೋ ಇಲ್ಲವೋ ಎಂದು ಮಾತ್ರ ನೋಡುತ್ತಾರೆ. ಅದಕ್ಕೆ ಒಂದೇ ಒಂದು ತಿದ್ದುಪಡಿ ನಾನು ಹೇಳುವುದಾದರೆ, ಸುತ್ತಳತೆ ಹೆಚ್ಚಾದ ಹಾಗೆ ಮೊತ್ತವೂ ಹೆಚ್ಚಬೇಕು. ಒಂದು ಮೀಟರ್ ದಾಟಿದ ಮರಕ್ಕೆ ಎಳೆ ಗಿಡದ ಐವತ್ತೇ ರೂಪಾಯಿ ಕೊಟ್ಟರೆ ಗರಗಸದವನು ಕೊಡುವ ದುಡ್ಡಿನ ಮುಂದೆ ಅದು ಏನೂ ಅಲ್ಲ.

ಒಂದು ಎಕರೆಗಿಂತ ಕಡಿಮೆ ತೋಪು ಇರುವ ಶಾಲೆ, ಮನೆ, ದೇವಸ್ಥಾನಗಳಿಗೆ ಮಾದರಿ ತುಂಡುಗಳ ತಲೆನೋವೇ ಬೇಡ, ಎಲ್ಲ ಮರವನ್ನೂ ಅಳೆಯಿರಿ. ದರ್ಜಿಯ ಟೇಪ್ ಸಾಕು. ತಗಡಿನ ಸಂಖ್ಯೆ, ಜಾತಿ, ಸುತ್ತಳತೆ, ಎತ್ತರ, ತಾರೀಕು, ಸತ್ತಿದ್ದರೆ ಸತ್ತಿದೆ ಎಂದು. ಜನವರಿಯಲ್ಲಿ ಅಳೆದರೆ ಮತ್ತೆ ಐದು ವರ್ಷ ಬಿಟ್ಟು ಜನವರಿಯಲ್ಲೇ. ರಿಜಿಸ್ಟರ್ ಮಾತ್ರ ಪರಿಸರ ಕ್ಲಬ್ಬಿನ ಟೀಚರ ಕಪಾಟಿನಲ್ಲಿ ಇಡಬೇಡಿ, ಅವರಿಗೆ ವರ್ಗ ಆದ ಮೇಲೆ ಅದನ್ನು ಹುಡುಕುವವರು ಯಾರೂ ಇರುವುದಿಲ್ಲ. ಒಂದು ಪ್ರತಿ ಪಂಚಾಯತಿನಲ್ಲಿ, ಒಂದು ಪ್ರತಿ ಶಾಲೆಯ ಆಫೀಸಿನ ಹಾಜರಿ ಪುಸ್ತಕಗಳ ಜೊತೆ. ಬೋರ್ಡು ಬರೆಸುವುದಿದ್ದರೆ ಟನ್ ಬರೆಸುವ ಬದಲು ನೆಟ್ಟದ್ದೆಷ್ಟು, ಉಳಿದದ್ದೆಷ್ಟು, ಅತಿ ದಪ್ಪ ಮರದ ಸುತ್ತಳತೆ ಎಷ್ಟು ಎಂದು ಬರೆಸಿ, ಅದನ್ನು ದಾರಿಯಲ್ಲಿ ಹೋಗುವ ಯಾರು ಬೇಕಾದರೂ ಟೇಪ್ ತಂದು ಪರೀಕ್ಷಿಸಬಹುದು.